ಬಲಗಿವಿಯ ಕಡೆಯ ಸೀಟು

ನನ್ನ ಕೆಲಸ ಬೈಗುಳ ಕೇಳುವುದು. ತಮಾಷೆಯಲ್ಲ ಮಾರಾಯ್ರೆ, ಸಂಬಳ ಕೊಡುವುದೇ ಅದಕ್ಕೆ. ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ನಮ್ಮ ಆಫೀಸು. ಹೊರದೇಶದ ಸಿನೆಮಾಗಳು ಇಲ್ಲಿಯ ಚಾನೆಲ್ಲುಗಳಿಗೆ ಹೋಗುವ ಮೊದಲು ನಮ್ಮಲ್ಲಿಗೆ ಬರುತ್ತವೆ. ನಾನು ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ, ಕೆಟ್ಟ ಮಾತು ಎಲ್ಲೆಲ್ಲಿ ಬರುತ್ತದೆಂದು ಕೇಳಿ ನಿಮಿಷ ಸೆಕೆಂಡು ಬರೆದುಕೊಡಬೇಕು. ಕಣ್ಣು ಯಾಕೆ ಮುಚ್ಚುವುದೆಂದರೆ ಚಿತ್ರ ನೋಡುತ್ತಾ ಕೂತರೆ ಮಾತು ತಪ್ಪಿಹೋಗುತ್ತದೆ. ಈ ಕೆಲಸದ ವಿಷಯ ಕೇಳಿದ ದಿನ ನನ್ನ ಉಮ್ಮ, ಅದೆಲ್ಲ ನಮ್ಮೂರಿನ ಮೀನು ಮಾರ್ಕೆಟಿನಲ್ಲಿ ಪುಕ್ಕಟೆ ಸಿಗುತ್ತದಲ್ಲ, ಅದಕ್ಕೆ ದುಬೈಗೆ ಹೋಗಬೇಕಿತ್ತಾ ಎಂದಿದ್ದರು.

ಕೆಟ್ಟ ದೃಶ್ಯಗಳ ಪಟ್ಟಿ ಮಾಡುತ್ತಿದ್ದವರು ನನ್ನ ಪಕ್ಕದ ಕುರ್ಚಿಯ ಕ್ಯಾಮಿಲಸ್ ಲಸ್ರಾದೊ. ಅವರು ಶಬ್ದ ಬಂದ್ ಮಾಡಿ ನೋಡುವವರು. ಬೆತ್ತಲೆ, ಮುತ್ತು, ಗಾಂಜಾ, ರಕ್ತ, ಯಾವುದೂ ಅವರ ಕಣ್ಣು ತಪ್ಪಿಸಿಕೊಂಡದ್ದಿಲ್ಲ. ಅವರು ಕಣ್ಣು, ನಾನು ಕಿವಿ. ಹನ್ನೊಂದು ವರ್ಷ ನಾವಿಬ್ಬರೂ ಸೇರಿ ಒಬ್ಬ ಮನುಷ್ಯನ ಕೆಲಸ ಮಾಡಿದ್ದೇವೆ. ಸಾವಿರಾರು ಸಿನೆಮಾ ನೋಡಿದ್ದೇವೆ, ಒಂದನ್ನೂ ಪೂರ್ತಿ ನೋಡಿಲ್ಲ.

ಅವರ ಊರು ಕಿನ್ನಿಗೋಳಿಯ ಹತ್ತಿರದ ಕಿರೆಂ. ನನ್ನದು ಉಳ್ಳಾಲ. ಅವರ ಮನೆಯಲ್ಲಿ ಕೊಂಕಣಿ, ನಮ್ಮ ಮನೆಯಲ್ಲಿ ಬ್ಯಾರಿ, ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಗೆ ಪೊರ್ಬು ಎಂದು ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ಮೆಹರೂ ಎನ್ನುತ್ತಿದ್ದರು. ಮೆಹರುನ್ನಿಸ ಎಂದು ಪೂರ್ತಿ ಕರೆಯುವುದು ಇಮಿಗ್ರೇಷನ್‌ನವರು ಮಾತ್ರ.

ಇಬ್ಬರೂ ಇದ್ದದ್ದು ದುಬೈಯ ಅಲ್ ನಹ್ದಾದಲ್ಲಿ. ನಾನು, ಗಂಡ ಅಬ್ದುಲ್ ಸಲಾಂ, ಮಗ ಫಾರಿಸ್ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ. ಅವರು ಹಿಂದಿನ ಬಿಲ್ಡಿಂಗಿನಲ್ಲಿ, ನಾಲ್ಕು ಜನರ ರೂಮಿನಲ್ಲಿ ಒಂದು ಬೆಡ್‌ಸ್ಪೇಸ್. ಹೆಂಡತಿ ಎಲ್ಸಿಯಕ್ಕ ಮತ್ತು ಮಗಳು ನತಾಶಾ ಊರಿನಲ್ಲಿ. ನತಾಶಾಳ ನರ್ಸಿಂಗ್ ಕೋರ್ಸು ಮುಗಿಯಲು ಇನ್ನೂ ಒಂದೂವರೆ ವರ್ಷ ಇತ್ತು. ಅದು ಮುಗಿದ ದಿನ ನಾನು ಇಲ್ಲಿಂದ ಖಲಾಸ್ ಎಂದು ಪೊರ್ಬುಗಳು ಸಾವಿರ ಸಲ ಹೇಳಿದ್ದರು. ವಯಸ್ಸು ಐವತ್ತೊಂಬತ್ತು, ಮಂಡಿ ನೋವು, ರಾತ್ರಿ ಊಟಕ್ಕೆ ಖುಬೂಸ್ ರೊಟ್ಟಿ ಮತ್ತು ಮೊಸರು. ಅವರಿಗೆ ಸಾಕಾಗಿತ್ತು. ಸತ್ಯ ಹೇಳಬೇಕೆಂದರೆ ನಮ್ಮೆಲ್ಲರಿಗೂ ಸಾಕಾಗಿದೆ, ಆದರೆ ಸಾಕಾಯಿತೆಂದು ಯಾರು ಬಿಡುತ್ತಾರೆ?

ದಿನಾ ಬೆಳಿಗ್ಗೆ ಅವರ ಹಳೇ ಕಾರಿನಲ್ಲಿ ಒಟ್ಟಿಗೆ ಹೋಗುತ್ತಿದ್ದೆವು. ನಾಲ್ಕು ವರ್ಷದ ಹಿಂದೆ ಒಂದು ದಿನ ಹಿಂದಿನಿಂದ ಆಂಬುಲೆನ್ಸ್ ಬೊಬ್ಬೆ ಹೊಡೆಯುತ್ತಾ ಬಂತು. ಪೊರ್ಬುಗಳು ಪಕ್ಕಕ್ಕೆ ಸರಿಯಲೇ ಇಲ್ಲ. ನಾನು ತೋಳು ಮುಟ್ಟಿದ ಮೇಲೆ ಕನ್ನಡಿ ನೋಡಿ ಗಾಬರಿಯಾಗಿ ದಾರಿ ಬಿಟ್ಟರು. ಮುಂದೆ ಒಂದು ಪೆಟ್ರೋಲ್ ಪಂಪಿನಲ್ಲಿ ಕಾರು ನಿಲ್ಲಿಸಿ ಎಂಜಿನ್ ಬಂದ್ ಮಾಡಿದರು.

“ಎಡಗಿವಿ ಪೂರ್ತಿ ಹೋಗಿದೆ ಮೆಹರೂ. ಬಲದ್ದರಲ್ಲಿ ಸ್ವಲ್ಪ ಜೀವ ಉಂಟು. ನೀನು ಈ ಸೀಟಿನಲ್ಲಿ ಕೂತರೆ ಮಾತ್ರ ನನಗೆ ಕೇಳುವುದು. ಯಾರ ಹತ್ತಿರವೂ ಹೇಳಬೇಡ.”

ಆಗ ನನಗೆ ಎಲ್ಲ ಅರ್ಥವಾಯಿತು. ಇಲ್ಲಿಯ ಕಾರುಗಳಲ್ಲಿ ಡ್ರೈವರು ಕೂರುವುದು ಎಡಕ್ಕೆ, ಪಕ್ಕದವರು ಬಲಕ್ಕೆ. ಕಾರಿನಲ್ಲಿ ಊರ ಸುದ್ದಿಯನ್ನೆಲ್ಲ ಬಾಯ್ತುಂಬ ಮಾತಾಡುವ ಮನುಷ್ಯ ಆಫೀಸಿನಲ್ಲಿ ನಾನು ಮಾತಾಡಿಸಿದರೆ ಮುಖ ತಿರುಗಿಸದೆ ಕೂರುತ್ತಿದ್ದರು. ಅಹಂಕಾರ ಎಂದುಕೊಂಡಿದ್ದೆ. ಅಲ್ಲಿ ನನ್ನ ಕುರ್ಚಿ ಅವರ ಎಡಕ್ಕಿತ್ತು. ಕಿವಿಗೆ ಮೆಷಿನ್ ಹಾಕಿಸಿ ಎಂದೆ. ಹಾಕಿದರೆ ಮ್ಯಾನೇಜರ್ ಝಹೀರ್ ಕಣ್ಣಿಗೆ ಬೀಳುತ್ತದೆ, ವಿಸಾ ರಿನ್ಯೂ ಆಗುವುದಿಲ್ಲ ಎಂದರು.

ಕಿವಿ ಹೋದದ್ದು ಹಾಡಿನಿಂದ. ಪೊರ್ಬುಗಳು ಗಿಟಾರಿಸ್ಟ್. ಕಿರೆಂ ಇಗರ್ಜಿಯ, ಅಂದರೆ ಚರ್ಚಿನ, ಕ್ವಾಯರಿನಲ್ಲಿ ಕಲಿತು, ಮದುವೆಗಳಲ್ಲಿ ಬಾರಿಸಿ, ತೊಂಬತ್ತೆರಡರಲ್ಲಿ ಒಂದು ಬ್ಯಾಂಡಿನ ಜೊತೆ ದುಬೈಗೆ ಬಂದವರು. ದೇರಾದ ಹೋಟೆಲುಗಳಲ್ಲಿ ಒಂಬತ್ತು ವರ್ಷ, ವಾರಕ್ಕೆ ಆರು ದಿನ, ಸ್ಪೀಕರಿನ ಪಕ್ಕ ಎಡಗಿವಿ ಒಡ್ಡಿ ನಿಂತರು. ಆಮೇಲೆ ಹೋಟೆಲಿನವರು ಬ್ಯಾಂಡ್ ತೆಗೆದು ಡಿಜೆ ಮೆಷಿನ್ ಇಟ್ಟರು. ಉಳಿದವರು ಊರಿಗೆ ಹೋದರು, ಇವರು ಎಡಿಟಿಂಗ್ ಕಲಿತು ಇಲ್ಲಿ ಸೇರಿಕೊಂಡರು. ಗಿಟಾರ್ ಮಂಚದ ಕೆಳಗೆ ಇತ್ತು. ಎಷ್ಟು ವರ್ಷದಿಂದ ಮುಟ್ಟಿಲ್ಲ ಎಂದು ನಾನು ಕೇಳಲಿಲ್ಲ.

ಕಳೆದ ನವೆಂಬರಿನಲ್ಲಿ ಆ ಫಿಲ್ಮ್ ಬಂತು. ಹಿಪ್ಪಿಗಳ ಕಾಲದಲ್ಲಿ ಅಮೆರಿಕದ ಯಾವುದೋ ಹೊಲದಲ್ಲಿ ಮೂರು ದಿನ ನಡೆದ ರಾಕ್ ಸಂಗೀತದ ಹಬ್ಬವನ್ನು ಶೂಟ್ ಮಾಡಿ ತಯಾರಿಸಿದ ಚಿತ್ರ. ಹೆಸರು ಹೇಳುವ ಹಾಗಿಲ್ಲ, ಕಂಪನಿಯ ಕಾಗದಕ್ಕೆ ಸಹಿ ಹಾಕಿದ್ದೇನೆ. ಹಳೇ ರೀಲುಗಳನ್ನು ತೊಳೆದು, ಹಿಂದೆ ಬಿಟ್ಟುಹೋದ ಭಾಗಗಳನ್ನೂ ಸೇರಿಸಿ ಹೊಸದಾಗಿ ಹೊರಡಿಸಿದ್ದರು. ಒಟ್ಟು ಮೂರೂವರೆ ಗಂಟೆ. ಒಂದು ಚಾನೆಲ್ಲಿನವರು ಅದನ್ನು ರಮದಾನ್ ಕಳೆದ ಮೇಲೆ ಹಾಕುವವರಿದ್ದರು.

ಪಟ್ಟಿಯಲ್ಲಿ ಹೆಸರು ನೋಡಿದ ದಿನ ಪೊರ್ಬುಗಳು ಕಾರಿನಲ್ಲಿ ಚಿಕ್ಕ ಹುಡುಗನ ಹಾಗೆ ಆಗಿದ್ದರು. ಎಂಬತ್ತರ ದಶಕದಲ್ಲಿ ಕಿರೆಂನಲ್ಲಿ ಎಡ್ವರ್ಡ್ ಎಂಬವರ ಮನೆಗೆ ಗಲ್ಫಿನಿಂದ ವಿಡಿಯೋ ಪ್ಲೇಯರ್ ಬಂದಿತ್ತಂತೆ. ಅದರ ಜೊತೆ ಈ ಫಿಲ್ಮಿನ ಕ್ಯಾಸೆಟ್ಟೂ ಬಂದಿತ್ತಂತೆ. ಕ್ವಾಯರಿನ ಹುಡುಗರೆಲ್ಲ ಚಾಪೆ ಹಾಕಿ ಕೂತು ನೋಡುತ್ತಿದ್ದರಂತೆ. ಅರ್ಧದಲ್ಲಿ ಒಬ್ಬ ಗಿಟಾರ್ ಹಿಡಿದು ಇನ್ನೇನು ಶುರು ಮಾಡಬೇಕು, ಅಷ್ಟರಲ್ಲಿ ಪರದೆಯ ಮೇಲೆ ಎಡ್ವರ್ಡರ ತಂಗಿಯ ತಲೆಗೆ ತೆಂಗಿನ ಹಾಲು ಸುರಿಯುತ್ತಿದ್ದಾರಂತೆ. ಮದುವೆಯ ಮುಂಚಿನ ದಿನದ ರೋಸ್ ಕಾರ್ಯಕ್ರಮವನ್ನು ಮನೆಯವರು ಅದೇ ಕ್ಯಾಸೆಟ್ಟಿನ ಮೇಲೆ ತೆಗೆದುಬಿಟ್ಟಿದ್ದರು. ಆಮೇಲೆ ಕೊನೆತನಕ ಬರೀ ಅತ್ತೆ, ಚಿಕ್ಕಮ್ಮಂದಿರು ಸಾಲಾಗಿ ಬಂದು ಎಣ್ಣೆ ಹಚ್ಚುವುದು. ಮೊದಲ ಅರ್ಧವನ್ನು ಪೊರ್ಬುಗಳು ಮೂವತ್ತು ನಲವತ್ತು ಸಲ ನೋಡಿದ್ದರು. ಪ್ರತಿ ಹಾಡು ಬಾಯಿಪಾಠ. ಎರಡನೇ ಅರ್ಧ ನೋಡಬೇಕೆಂಬ ಆಸೆ ನಲವತ್ತು ವರ್ಷದಿಂದ ಹಾಗೇ ಉಳಿದಿತ್ತು. ನಗುತ್ತಾ ಹೇಳಿದರು. ನಾನೂ ನಕ್ಕೆ. ಈಗ ಸಿಕ್ಕಿತಲ್ಲ ಪೊರ್ಬುಗಳೇ ಎಂದವಳು, ಅವರ ಕಿವಿ ನೆನಪಾಗಿ ಬಾಯಿ ಮುಚ್ಚಿದೆ.

ಮರುದಿನ ಝಹೀರ್ ನಮ್ಮಿಬ್ಬರನ್ನೂ ಕ್ಯಾಬಿನ್ನಿಗೆ ಕರೆದ. ಕರಾಚಿಯವನು, ಕೆಟ್ಟ ಮನುಷ್ಯನಲ್ಲ, ಅವನ ತಲೆಯ ಮೇಲೂ ಯಾರೋ ಕೂತಿದ್ದಾರೆ. ಹೊಸ ವರ್ಷದಿಂದ ಕಂಪ್ಯೂಟರೇ ಸಿನೆಮಾ ನೋಡಿ ಪಟ್ಟಿ ಮಾಡುತ್ತದಂತೆ. ಅದನ್ನು ಪರೀಕ್ಷೆ ಮಾಡಲು ಒಬ್ಬರು ಸಾಕಂತೆ. ಆ ಒಬ್ಬರಿಗೆ ಕಣ್ಣೂ ಬೇಕು, ಕಿವಿಯೂ ಬೇಕು. ಹಬ್ಬದ ಫಿಲ್ಮಿನ ಮೊದಲ ಅರ್ಧವನ್ನು ಕ್ಯಾಮಿಲಸ್, ಎರಡನೆಯದನ್ನು ಮೆಹರುನ್ನಿಸ, ಚಿತ್ರ ಶಬ್ದ ಎರಡನ್ನೂ ಒಬ್ಬೊಬ್ಬರೇ ಮಾಡಬೇಕು. ಆಮೇಲೆ ಒಬ್ಬರದನ್ನು ಇನ್ನೊಬ್ಬರು ತಾಳೆ ನೋಡಬೇಕು. ಯಾರ ಪಟ್ಟಿಯಲ್ಲಿ ತಪ್ಪು ಕಡಿಮೆಯೋ ಅವರು ಉಳಿಯುತ್ತಾರೆ. ಪೊರ್ಬುಗಳು ಅವನ ತುಟಿಯನ್ನೇ ನೋಡುತ್ತಾ ತಲೆಯಾಡಿಸಿದರು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನೀವು ನನಗೆ ಪೂರ್ತಿ ಶಾಪ ಹಾಕುತ್ತೀರಿ. ನನ್ನ ಗಂಡನ ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಅವರೂ ಫಾರಿಸನೂ ಇದ್ದದ್ದು ನನ್ನ ವಿಸಾದಲ್ಲಿ. ಫಾರಿಸ್ ಹನ್ನೆರಡನೇ ಕ್ಲಾಸು, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಡಿಸೆಂಬರಿನಲ್ಲಿ ನನ್ನ ಕೆಲಸ ಹೋದರೆ ಮೂವರೂ ಪೆಟ್ಟಿಗೆ ಕಟ್ಟಬೇಕು, ಹುಡುಗನ ವರ್ಷ ಮಣ್ಣುಪಾಲು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುತ್ತಾರಲ್ಲ, ನನ್ನ ಸ್ಥಿತಿ ಅದೇ.

ಐದು ದಿನ ಇಬ್ಬರೂ ಕೆಲಸ ಮಾಡಿದೆವು. ಪೊರ್ಬುಗಳು ಸ್ಪೀಕರ್ ಹಾಕಿ ಮೇಜಿನ ಮೇಲೆ ಅಂಗೈ ಊರಿ ಕೂತಿರುತ್ತಿದ್ದರು. ಡ್ರಮ್ಮಿನ ಪೆಟ್ಟು ಕೈಗೆ ಬರುತ್ತದಂತೆ. ಉಳಿದದ್ದು ನೆನಪು. ಯಾವ ಹಾಡಿನ ನಡುವೆ ಯಾರು ಏನು ಹೇಳುತ್ತಾರೆಂದು ಅವರಿಗೆ ಕ್ಯಾಸೆಟ್ಟಿನ ಕಾಲದಿಂದ ಗೊತ್ತಿತ್ತು. ಕೇಳದೆಯೇ ಬರೆದರು, ಸರಿಯಾಗಿಯೇ ಬರೆದರು.

ನಾನು ತಾಳೆ ನೋಡಲು ಅವರ ಪಟ್ಟಿ ತೆರೆದೆ. ಮೊದಲ ಒಂದು ಗಂಟೆಯಲ್ಲಿ ಒಂದು ತಪ್ಪೂ ಇಲ್ಲ. ಆಮೇಲೆ ಮಳೆ ಬಂತು. ಅದು ಹಳೇ ಕ್ಯಾಸೆಟ್ಟಿನಲ್ಲಿ ಇಲ್ಲದ, ಹೊಸದಾಗಿ ಸೇರಿಸಿದ ಭಾಗ. ಕಪ್ಪು ಮೋಡ ಕವಿದು ಧೋ ಎಂದು ಸುರಿಯುತ್ತಿದೆ. ಸಾವಿರಾರು ಹುಡುಗರು, ಹುಡುಗಿಯರು ಕೆಸರಿನಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ, ಒಟ್ಟಿಗೆ ಏನೋ ಹೇಳುತ್ತಿದ್ದಾರೆ. ಅವರು ಮೋಡವನ್ನು ಬೈಯುತ್ತಿದ್ದರು. ನನ್ನ ಹನ್ನೊಂದು ವರ್ಷದ ನೌಕರಿಯಲ್ಲಿ ಅಷ್ಟು ಜನ ಒಟ್ಟಿಗೆ ಅಂಥ ಹಸಿ ಬೈಗುಳ ಬೈದದ್ದನ್ನು ಕೇಳಿರಲಿಲ್ಲ. ನಲವತ್ತು ಸೆಕೆಂಡಿನಲ್ಲಿ ಏಳು ಸಲ.

ಪೊರ್ಬುಗಳ ಪಟ್ಟಿಯಲ್ಲಿ ಬೈಗುಳ ಒಂದೂ ಇರಲಿಲ್ಲ. ಪ್ರಾರ್ಥನೆಯ ದೃಶ್ಯ ಕಂಡರೆ ಬೇರೆ ಗುರುತು ಹಾಕಬೇಕೆಂದು ನಮ್ಮಲ್ಲಿ ನಿಯಮ ಉಂಟು. ಆ ಗುರುತು ಹಾಕಿ, ತಮ್ಮ ಅಭ್ಯಾಸದಂತೆ ಪೂರ್ತಿ ವಾಕ್ಯ ಬರೆದಿದ್ದರು. ಉಳಿದವರೆಲ್ಲ ಒಂದೊಂದು ಶಬ್ದ ಬರೆದರೆ ಅವರು ಮಾತ್ರ ವಾಕ್ಯ ಬರೆಯುವವರು. ಅವರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿದರೆ, ‘ಮಳೆಯಲ್ಲಿ ಜನರೆಲ್ಲ ಕೈಯೆತ್ತಿ ಪ್ರಾರ್ಥಿಸುತ್ತಿದ್ದಾರೆ, ಯಾವ ಧರ್ಮದವರೆಂದು ತಿಳಿಯುವುದಿಲ್ಲ.’ ಚರ್ಚಿನ ರಿಟ್ರೀಟಿನಲ್ಲಿ ಕೈಯೆತ್ತಿ ದೇವರನ್ನು ಸ್ತುತಿಸುವವರನ್ನು ಪ್ರತಿ ವರ್ಷ ನೋಡಿದ ಮನುಷ್ಯನಿಗೆ ಬೇರೇನು ತೋಚುತ್ತದೆ ಹೇಳಿ.

ನನಗೆ ಮೊದಲು ನಗು ಬಂತು. ಆಮೇಲೆ ಅಳು ಬಂತು. ಅದರ ಹಿಂದೆಯೇ, ಸೃಷ್ಟಿಸಿದವನೇ ಬಲ್ಲ, ಒಂಥರಾ ಸಮಾಧಾನವೂ ಆಯಿತು. ಫಾರಿಸನ ಪರೀಕ್ಷೆ ಉಳಿಯಿತು ಎಂದುಕೊಂಡೆ. ತಪ್ಪುಗಳ ಹಾಳೆಯಲ್ಲಿ ಏಳು ಬೈಗುಳ, ಒಂದು ಸುಳ್ಳು ಪ್ರಾರ್ಥನೆ, ಎಲ್ಲ ಬರೆದೆ. ಸುಳ್ಳೇನೂ ಬರೆಯಲಿಲ್ಲ. ಸತ್ಯ ಬರೆದೂ ಕಳ್ಳಿಯಾಗಬಹುದೆಂದು ಅವತ್ತು ಗೊತ್ತಾಯಿತು.

ಅವತ್ತು ಬುಧವಾರ. ಹಾಳೆಗಳನ್ನು ಝಹೀರ್ ತೆಗೆದುಕೊಳ್ಳುವುದು ಗುರುವಾರ ಹತ್ತು ಗಂಟೆಗೆ. ಅಷ್ಟರೊಳಗೆ ಒಂದು ಮಾತು ಹೇಳಿದ್ದರೆ ಅವರು ತಮ್ಮ ಪಟ್ಟಿಯನ್ನು ಸರಿಮಾಡಿಕೊಳ್ಳಬಹುದಿತ್ತು. ಸಂಜೆ ಒಟ್ಟಿಗೇ ಕಾರಿನಲ್ಲಿ ಬಂದೆವು. ನಮ್ಮ ಬಿಲ್ಡಿಂಗಿನ ಕೆಳಗೆ ಕಾರು ನಿಲ್ಲಿಸಿ ಅವರು ನನ್ನ ಕಡೆ ತಿರುಗಿದರು.

“ನನ್ನ ಭಾಗದಲ್ಲಿ ಎಲ್ಲ ಸರಿ ಉಂಟಾ ಮೆಹರೂ?”

“ಸರಿ ಉಂಟು ಪೊರ್ಬುಗಳೇ” ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನೋಡಿದರು. ಆಮೇಲೆ, ನಿನ್ನ ಭಾಗ ಇನ್ನೂ ಸ್ವಲ್ಪ ನೋಡಲಿಕ್ಕುಂಟು, ಹಾಡು ಭಾರೀ ಚಂದ ಕಾಣ್ತದೆ ಎಂದರು. ಚಂದ ಕಾಣ್ತದೆ ಎಂದರು, ಕೇಳ್ತದೆ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವರ ಮೆಸೇಜು ಬಂತು. ಇವತ್ತು ನನಗೆ ಬೇಗ ಹೋಗಲಿಕ್ಕುಂಟು, ನೀನು ಬಸ್ಸಿನಲ್ಲಿ ಬಾ ಎಂದು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಅವರಿಗೆ ಗೊತ್ತಾಗಿದೆ, ನನ್ನ ಪಟ್ಟಿಯಲ್ಲಿ ಇಲ್ಲದ ಹುಳುಕು ಹುಡುಕಲು ಹೋಗಿದ್ದಾರೆ ಎಂದುಕೊಂಡೆ. ಎರಡು ಬಸ್ಸು ಬದಲಿಸಿ ಆಫೀಸು ಮುಟ್ಟುವಾಗ ಹತ್ತೂವರೆ. ದಾರಿಯುದ್ದಕ್ಕೂ ಅವರನ್ನು ಮನಸ್ಸಿನಲ್ಲೇ ಬೈದೆ. ಬೈಗುಳಕ್ಕೆ ನನ್ನಲ್ಲೇನು ಬರವೇ.

ಝಹೀರ್ ಆಗಲೇ ಹಾಳೆಗಳನ್ನು ನೋಡಿ ಮುಗಿಸಿದ್ದ. ನನ್ನ ಭಾಗದ ಮೇಲೆ ಕ್ಯಾಮಿಲಸ್ ಒಂದೂ ತಪ್ಪು ತೋರಿಸಿಲ್ಲ, ಚಿತ್ರದ ಕೆಲಸ ಹೊಸದಾದರೂ ಭೇಷ್ ಮಾಡಿದ್ದೀಯ ಎಂದ. ಆಮೇಲೆ ಎಲ್ಲರ ಮುಂದೆ ಆ ಮಳೆಯ ದೃಶ್ಯ ಹಾಕಿ ಸ್ಪೀಕರ್ ಜೋರು ಮಾಡಿದ. ಬೈಗುಳ ಇಡೀ ಹಾಲಿನಲ್ಲಿ ಮೊಳಗಿತು. ರಿಸೆಪ್ಷನ್ನಿನ ಹುಡುಗಿ ಕಿವಿ ಮುಚ್ಚಿಕೊಂಡಳು. ಇವರೇನು ಹೇಳುತ್ತಿದ್ದಾರೆ ಕ್ಯಾಮಿಲಸ್ ಭಾಯಿ ಎಂದು ಝಹೀರ್ ಕೇಳಿದ. ಪೊರ್ಬುಗಳು ಪರದೆಯನ್ನು ನೋಡಿದರು, ಆ ಹುಡುಗಿ ಕಿವಿ ಮುಚ್ಚಿಕೊಂಡದ್ದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರಿಗೆ ತಿಳಿಯಿತು.

“ನನಗೆ ಪ್ರಾರ್ಥನೆಯ ಹಾಗೆ ಕಂಡಿತು” ಎಂದರು.

ಯಾರೂ ನಗಲಿಲ್ಲ. ಝಹೀರ್ ಸ್ಪೀಕರ್ ಬಂದ್ ಮಾಡಿ ತಲೆ ತಗ್ಗಿಸಿದ. ಡಿಸೆಂಬರ್ ಕೊನೆಗೆ ಪೊರ್ಬುಗಳ ವಿಸಾ ಕ್ಯಾನ್ಸಲ್ ಆಯಿತು. ಕಾರನ್ನು ಯಾರೋ ಮಲಯಾಳಿಗೆ ಮಾರಿದರು. ಏರ್‌ಪೋರ್ಟಿಗೆ ನಾನೂ ನನ್ನ ಗಂಡ ಸಲಾಂಕನೂ ಟ್ಯಾಕ್ಸಿಯಲ್ಲಿ ಬಿಡಲು ಹೋದೆವು. ನಾನು ಬೇಕೆಂದೇ ಅವರ ಎಡಕ್ಕೆ ಕೂತೆ. ಮಾತಾಡಬೇಕಾಗಿ ಬಂದರೆ ಎಂಬ ಹೆದರಿಕೆ. ಅವರು ಗಿಟಾರಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಗೆ ನೋಡುತ್ತಿದ್ದರು. ನತಾಶಾಳ ಕೋರ್ಸಿಗೆ ಏನು ಮಾಡುತ್ತೀರಿ ಎಂದು ಸಲಾಂಕ ಮುಂದಿನ ಸೀಟಿನಿಂದ ತಿರುಗಿ ಜೋರಾಗಿ ಕೇಳಿದರು. ಎಲ್ಸಿಯ ಅಕ್ಕ ಅಗಾತಾ ಸ್ವಲ್ಪ ನೋಡಿಕೊಳ್ತಾರೆ, ಉಳಿದದ್ದಕ್ಕೆ ಎಲ್ಸಿ ಹೊಲಿಗೆ ಶುರು ಮಾಡಿದ್ದಾಳೆ ಎಂದರು.

ರಮದಾನ್ ಕಳೆಯಿತು, ಹಬ್ಬ ಕಳೆಯಿತು, ಫಾರಿಸನ ಪರೀಕ್ಷೆಯೂ ಮುಗಿಯಿತು. ಏಪ್ರಿಲಿನ ಒಂದು ಸಂಜೆ ಆ ಫಿಲ್ಮ್ ಚಾನೆಲ್ಲಿನಲ್ಲಿ ಬಂತು. ನಾವು ಮೂವರೂ ಕೂತು ನೋಡಿದೆವು. ಮಳೆಯ ಭಾಗ ಬಂದಾಗ ಶಬ್ದ ಪೂರ್ತಿ ನಿಂತಿತು. ಬೈಗುಳವನ್ನು ಒಂದೊಂದಾಗಿ ಕತ್ತರಿಸುವುದಕ್ಕಿಂತ ನಲವತ್ತು ಸೆಕೆಂಡೂ ಮೌನ ಮಾಡುವುದು ಸುಲಭ ಎಂದು ಝಹೀರ್ ತೀರ್ಮಾನಿಸಿದ್ದ. ಆ ಹುಡುಗ ಹುಡುಗಿಯರೆಲ್ಲ ಕೆಸರಿನಲ್ಲಿ ನಿಂತು, ಮುಖದ ಮೇಲೆ ನೀರು ಇಳಿಯುತ್ತಾ, ಕೈ ಮೇಲೆತ್ತಿ ತುಟಿ ಅಲ್ಲಾಡಿಸುತ್ತಿದ್ದರು. ಫಾರಿಸ್ ಫೋನಿನಿಂದ ತಲೆಯೆತ್ತಿ, “ಆರ್ ದೇ ಪ್ರೇಯಿಂಗ್, ಉಮ್ಮ?” ಎಂದು ಕೇಳಿದ. ನಾನು ಎದ್ದು ಅಡುಗೆಮನೆಗೆ ಹೋದೆ.

ಮರುದಿನ ಚಾನೆಲ್ಲಿನವರು ಪಟ್ಟಿಯ ಇನ್ನೊಂದು ಪ್ರತಿ ಕೇಳಿದರು. ಆವಾಗಲೇ ನಾನು ನನ್ನ ಭಾಗದ ಪಟ್ಟಿಯನ್ನು ಮತ್ತೆ ತೆರೆದದ್ದು. ನೋಡುತ್ತೇನೆ, ನಾನು ಬರೆಯದ ಒಂಬತ್ತು ಸಾಲುಗಳು. ಎಲ್ಲ ಚಿತ್ರದ್ದೇ. ‘ಎಡಗಡೆ ಮರದ ಹಿಂದೆ ಒಬ್ಬಳು ಸ್ನಾನ ಮಾಡುತ್ತಿದ್ದಾಳೆ, ಪಾಪ, ಕ್ಯಾಮೆರಾ ಬಂದದ್ದು ಅವಳಿಗೆ ಗೊತ್ತಿಲ್ಲ.’ ‘ಡ್ರಮ್ಮಿನ ಹಿಂದೆ ಇಬ್ಬರು ಗಾಂಜಾ ಸೇದುತ್ತಿದ್ದಾರೆ, ಚಿಕ್ಕವನು ಕೆಮ್ಮುತ್ತಿದ್ದಾನೆ.’ ಹಾಡು ಶುರುವಾದಲ್ಲೆಲ್ಲ ನಾನು ಹನ್ನೊಂದು ವರ್ಷದ ಅಭ್ಯಾಸದಿಂದ ಕಣ್ಣು ಮುಚ್ಚಿಬಿಟ್ಟಿದ್ದೆ. ಮುಚ್ಚಿದ್ದು ನನಗೇ ಗೊತ್ತಾಗಿರಲಿಲ್ಲ. ಅದನ್ನೆಲ್ಲ ತಪ್ಪುಗಳ ಹಾಳೆಯಲ್ಲಿ ಬರೆಯುವ ಬದಲು ಅವರು ನನ್ನ ಪಟ್ಟಿಗೇ ಸೇರಿಸಿಟ್ಟಿದ್ದರು. ನನ್ನ ತಪ್ಪು ಒಂಬತ್ತು, ಅವರದು ಏಳು ಬೈಗುಳ, ಒಂದು ಪ್ರಾರ್ಥನೆ. ಒಟ್ಟು ಎಂಟೇ. ಅಂದರೆ ಉಳಿಯಬೇಕಾದವರು ಅವರು.

ಪ್ರತಿ ಸಾಲಿನ ಪಕ್ಕ ಅದನ್ನು ಬರೆದ ದಿನ, ಸಮಯ ಇರುತ್ತದೆ. ಗುರುವಾರ, ಬೆಳಿಗ್ಗೆ ಏಳು ಹತ್ತರಿಂದ ಎಂಟು ಐವತ್ತರವರೆಗೆ. ಅಂದರೆ ನಾನು ಕಾರಿನಲ್ಲಿ ಸರಿ ಉಂಟು ಎಂದ ಮರುದಿನ. ಇಪ್ಪತ್ತು ವರ್ಷ ಶಬ್ದವಿಲ್ಲದೆ ಮುಖಗಳನ್ನೇ ನೋಡಿ ಹೊಟ್ಟೆ ಹೊರೆದ ಮನುಷ್ಯನ ಎದುರು ನಾನು ಮುಖ ಇಟ್ಟುಕೊಂಡು ಸುಳ್ಳು ಹೇಳಿದ್ದೆ.

ಊಟದ ಬ್ರೇಕಿನಲ್ಲಿ ಕೆಳಗೆ ಪಾರ್ಕಿಂಗಿಗೆ ಹೋಗಿ ಕಿರೆಂಗೆ ಫೋನ್ ಮಾಡಿದೆ. ಎತ್ತಿದ್ದು ಎಲ್ಸಿಯಕ್ಕ. ಅವರಿಗೆ ಈಗ ಫೋನಿನಲ್ಲಿ ಏನೂ ಕೇಳುವುದಿಲ್ಲ, ಏನಿದ್ದರೂ ನನ್ನ ಹತ್ತಿರ ಹೇಳಿ, ನಾನು ಹೇಳುತ್ತೇನೆ ಎಂದರು. ಬೇರೆಯವರ ಬಾಯಿಂದ ಹೇಳಿಸಬೇಕಾದ ಮಾತೇ ಅದು? ಇಟ್ಟುಬಿಡಬೇಕೆನ್ನಿಸಿತು. ಇಡಲಿಲ್ಲ.

“ಎಲ್ಸಿಯಕ್ಕ, ಅವರ ಬಲಗಿವಿಯ ಹತ್ತಿರ ಹೇಳಿ. ಅವತ್ತು ಕಾರಿನಲ್ಲಿ ಮೆಹರು ಸುಳ್ಳು ಹೇಳಿದ್ದಳು ಎಂದು ಹೇಳಿ. ಆ ಒಂಬತ್ತು ಸಾಲನ್ನು ಇವತ್ತು ನೋಡಿದಳು ಎಂದೂ ಹೇಳಿ.”

ಎಲ್ಸಿಯಕ್ಕನಿಗೆ ತಲೆಬುಡ ಅರ್ಥವಾಗಿರಲಿಕ್ಕಿಲ್ಲ. ಆದರೂ ಅವರು ಕೊಂಕಣಿಯಲ್ಲಿ ಜೋರಾಗಿ, ಒಂದೊಂದೇ ಮಾತು ಬಿಡಿಸಿ ಹೇಳುವುದು ಕೇಳಿಸಿತು. ಎರಡು ಸಲ ಹೇಳಬೇಕಾಯಿತು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತೆ.

ಎಲ್ಸಿಯಕ್ಕ ಮತ್ತೆ ಫೋನಿಗೆ ಬಂದರು. “ಗೊತ್ತುಂಟಂತೆ” ಎಂದರು. “ಫಾರಿಸ್ ಪರೀಕ್ಷೆ ಹೇಗೆ ಬರೆದ ಎಂದು ಕೇಳ್ತಾ ಇದ್ದಾರೆ.”